ಖಾಲಿ ಜಾಗ ಬಿಟ್ಟು ಊದುವವರು: ಯಾನ್ ಗಾರ್ಬರೆಕ್ ಮತ್ತು ‘ನಾರ್ವೆಯ ದನಿ’

ಸ್ಯಾಕ್ಸೋಫೋನ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕದ್ರಿ ಗೋಪಾಲನಾಥ್. ಕರಾವಳಿಯವರಾದರೆ ಮದುವೆ ಚಪ್ಪರವೂ ದೇವಸ್ಥಾನದ ಉತ್ಸವವೂ ಕಣ್ಮುಂದೆ ಬರುತ್ತವೆ. ಆ ದನಿಯಲ್ಲಿ ಒಂದು ಬಿಸಿ ಇದೆ, ಜನ ತುಂಬಿದ ಮನೆಯ ಸಡಗರ ಇದೆ.

ನಾರ್ವೆಯ ಸಂಗೀತಗಾರ ಯಾನ್ ಗಾರ್ಬರೆಕ್ ಊದುವುದೂ ಅದೇ ವಾದ್ಯವನ್ನೇ. ಆದರೆ ಅವರ ಸಂಗೀತ ಕೇಳುವಾಗ ಮೊದಲು ಗಮನಕ್ಕೆ ಬರುವುದು ಖಾಲಿ ಜಾಗ. ಒಂದು ಸ್ವರ ಬರುತ್ತದೆ. ನೇರವಾಗಿ, ಚೂಪಾಗಿ, ಹೆಚ್ಚು ನಡುಗದೆ. ಬಂದು ಅಲ್ಲೇ ನಿಲ್ಲುತ್ತದೆ. ಮುಂದಿನ ಸ್ವರಕ್ಕೆ ಆತುರವೇ ಇಲ್ಲ. ದೂರದಲ್ಲಿ ಯಾರೋ ಯಾರನ್ನೋ ಕೂಗಿ, ಉತ್ತರಕ್ಕಾಗಿ ಕಾಯುತ್ತಿರುವ ಹಾಗೆ.

ಈ ದನಿಗೆ ಜಗತ್ತು ‘ನಾರ್ವೆಯ ದನಿ’ ಅಂತ ಹೆಸರಿಟ್ಟಿದೆ. ಅವರ ಬಗ್ಗೆ ಯಾರೇ ಬರೆದರೂ ಹಿಮ, ಕಡಲ ನೀರು ಒಳಗೆ ಚಾಚಿದ ಫ್ಯೋರ್ಡ್ ಕಣಿವೆ, ಉತ್ತರದ ಆಕಾಶ ಬಂದೇ ಬರುತ್ತವೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆಮೇಲೆ ಅವರ ಬದುಕಿನ ಕಥೆ ಓದಿದೆ, ಹಳೆಯ ರೆಕಾರ್ಡುಗಳನ್ನು ಸಾಲಾಗಿ ಕೇಳಿದೆ. ಆಗ ಗೊತ್ತಾಯಿತು, ಈ ದನಿ ನಾರ್ವೆಯ ನೆಲದಲ್ಲಿ ತಾನಾಗಿ ಮೊಳೆತದ್ದಲ್ಲ. ಒಬ್ಬ ಅಮೆರಿಕನ್ ಸ್ಯಾಕ್ಸೋಫೋನ್ ವಾದಕ, ಒಬ್ಬ ಅಮೆರಿಕನ್ ಸಂಗೀತ ಚಿಂತಕ, ಒಬ್ಬ ಜರ್ಮನ್ ನಿರ್ಮಾಪಕ, ಉತ್ತರದ ಮೂಲನಿವಾಸಿಗಳಾದ ಸಾಮಿ ಹಾಡುಗಾರರು, ನಮ್ಮ ಉಪಖಂಡದ ಗಾಯಕರು ಮತ್ತು ತಬಲಾ ವಾದಕರು, ಇಷ್ಟೂ ಜನ ಸೇರಿದ ಮೇಲೆ ಆದದ್ದು ಅದು. ಹೇಗೆ ಆಯಿತು ಅಂತ ಬಿಡಿಸಿ ಹೇಳಲು ಹೊರಟಿದ್ದೇನೆ.

ದೇಶವಿಲ್ಲದ ಹುಡುಗ

1947ರ ಮಾರ್ಚ್ 4ರಂದು ನಾರ್ವೆಯ ಆಗ್ನೇಯ ಭಾಗದ ಮ್ಯುಸೆನ್ ಎಂಬ ಊರಿನಲ್ಲಿ ಗಾರ್ಬರೆಕ್ ಹುಟ್ಟಿದರು. ಅಪ್ಪ ಪೋಲೆಂಡಿನವರು. ಎರಡನೇ ಮಹಾಯುದ್ಧದಲ್ಲಿ ಯುದ್ಧಕೈದಿಯಾಗಿದ್ದವರು. ಅಮ್ಮ ನಾರ್ವೆಯ ರೈತರ ಮಗಳು. ಇವರಿಗೆ ಇದ್ದದ್ದು ಇದೊಂದೇ ಮಗು.

ಆಗಿನ ಕಾನೂನಿನ ಪ್ರಕಾರ ನಾರ್ವೆಯಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುತ್ತಿರಲಿಲ್ಲ. ಹಾಗಾಗಿ ಏಳು ವರ್ಷದವರೆಗೂ ಈ ಹುಡುಗನಿಗೆ ಯಾವ ದೇಶವೂ ಇರಲಿಲ್ಲ. ಮುಂದೆ ಇಡೀ ಜಗತ್ತು ಯಾರನ್ನು ‘ನಾರ್ವೆಯ ಆತ್ಮ’ ಅಂತ ಕೊಂಡಾಡಿತೋ, ಆ ಮನುಷ್ಯನನ್ನು ಮೊದಲ ಏಳು ವರ್ಷ ನಾರ್ವೆ ತನ್ನವನು ಅಂತ ಕಾಗದದ ಮೇಲೆ ಒಪ್ಪಿರಲಿಲ್ಲ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಬೆಳೆದದ್ದು ಓಸ್ಲೊ ನಗರದಲ್ಲಿ. ಕಣಿವೆಯಲ್ಲೂ ಅಲ್ಲ, ಹಿಮದ ಬೆಟ್ಟದ ಮೇಲೂ ಅಲ್ಲ. 1961ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ರೇಡಿಯೊದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ನುಡಿಸಿದ ‘ಕೌಂಟ್‌ಡೌನ್’ ಕಿವಿಗೆ ಬಿತ್ತು. ಇದು ಎರಡು ನಿಮಿಷ ಚಿಲ್ಲರೆಯ ತುಣುಕು. ಮೊದಲು ಡ್ರಮ್ ಒಂದೇ ಬರುತ್ತದೆ, ಆಮೇಲೆ ಸ್ಯಾಕ್ಸೋಫೋನ್ ಸ್ವರಗಳ ಸುರಿಮಳೆ. ಉಸಿರು ತೆಗೆದುಕೊಳ್ಳುವುದಕ್ಕೂ ಬಿಡುವಿಲ್ಲ. ಹುಡುಗ ಆವತ್ತೇ ತೀರ್ಮಾನ ಮಾಡಿಬಿಟ್ಟ, ನನಗೆ ಈ ವಾದ್ಯವೇ ಬೇಕು ಅಂತ.

ಆದರೆ ಕೈಗೆ ವಾದ್ಯ ಬರುವ ಮೊದಲು ಸಿಕ್ಕಿದ್ದು ಸ್ಯಾಕ್ಸೋಫೋನ್ ಕಲಿಸುವ ಒಂದು ಪುಸ್ತಕ. ಯಾವ ಸ್ವರಕ್ಕೆ ಯಾವ ಬೆರಳು ಎಲ್ಲಿ ಅಂತ ಅದರಲ್ಲಿ ಚಿತ್ರ ಇರುತ್ತದಲ್ಲ, ಅದನ್ನು ನೋಡಿಕೊಂಡು ಬೆರಳು ಆಡಿಸುತ್ತಾ ಕಲಿತ. ಊದಲು ಏನೂ ಇಲ್ಲ. ದನಿ ಪೂರ್ತಿ ತಲೆಯೊಳಗೇ. ವಾದ್ಯ ಸಿಗುವ ಹೊತ್ತಿಗೆ ಬೆರಳುಗಳಿಗೆ ದಾರಿ ಗೊತ್ತಿತ್ತು. ಮರುವರ್ಷ, 1962ರಲ್ಲಿ, ಹವ್ಯಾಸಿ ಜಾಝ್ ವಾದಕರ ಸ್ಪರ್ಧೆಯಲ್ಲಿ ಗೆದ್ದೂಬಿಟ್ಟ. ಜಾಝ್ ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸಲು ಹೆಚ್ಚು ಜಾಗ ಕೊಡುವ ಸಂಗೀತ.

ಸದ್ದು ಹೊರಡುವ ಮೊದಲೇ ಸ್ವರವನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳುವ ಈ ಅಭ್ಯಾಸ ಅವರನ್ನು ಎಂದೂ ಬಿಡಲಿಲ್ಲ ಅಂತ ನನ್ನ ನಂಬಿಕೆ. ಗಾರ್ಬರೆಕ್ ಒಂದು ಸ್ವರ ಊದುವ ಮುಂಚಿನ ಮೌನವನ್ನು ಗಮನಿಸಿ. ಅದು ಖಾಲಿ ಕೂತ ಮೌನದ ಹಾಗೆ ಇರುವುದೇ ಇಲ್ಲ.

ಕಲ್ಯಾಣಿ ರಾಗದ ದಾರಿಯಲ್ಲಿ ಒಬ್ಬ ಅಮೆರಿಕನ್ ಗುರು

ನಾರ್ವೆಯ ಪಶ್ಚಿಮ ಕರಾವಳಿಯ ಮೊಲ್ಡೆ ಊರಿನಲ್ಲಿ ಪ್ರತಿ ವರ್ಷ ದೊಡ್ಡ ಜಾಝ್ ಉತ್ಸವ ನಡೆಯುತ್ತದೆ. 1965ರಲ್ಲಿ ಅಲ್ಲಿ ಹದಿನೆಂಟರ ಗಾರ್ಬರೆಕ್ ನುಡಿಸಿದ್ದನ್ನು ಜಾರ್ಜ್ ರಸೆಲ್ ಕೇಳಿದರು. ರಸೆಲ್ ಅಮೆರಿಕದ ಕಪ್ಪು ಸಂಗೀತಗಾರ, ಸಂಯೋಜಕ, ಆಗ ಸ್ವೀಡನ್‌ನಲ್ಲಿ ನೆಲೆಸಿದ್ದರು. ಹುಡುಗನನ್ನು ತಮ್ಮ ತಂಡಕ್ಕೆ ಕರೆದುಕೊಂಡರು. ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ನಂತರ ಯೂರೋಪಿನ ಜಾಝ್‌ನಲ್ಲಿ ಇಷ್ಟು ಸ್ವಂತಿಕೆಯ ದನಿ ಬಂದಿಲ್ಲ ಎಂಬುದು ಅವರ ಅಭಿಪ್ರಾಯ.

ರಸೆಲ್ ಹೇಳಿಕೊಡುತ್ತಿದ್ದ ಸಿದ್ಧಾಂತದ ಹೆಸರು ಕೇಳಿದರೆ ಹೆದರಿಕೆಯಾಗಬಹುದು: ಲಿಡಿಯನ್ ಕ್ರೊಮ್ಯಾಟಿಕ್ ಕಾನ್ಸೆಪ್ಟ್. ಆದರೆ ಅದರ ತಿರುಳು ಕರ್ನಾಟಕ ಸಂಗೀತ ಗೊತ್ತಿರುವವರಿಗೆ ಸುಲಭ. ಷಡ್ಜದಿಂದ ಶುರು ಮಾಡಿ. ಅದರ ಪಂಚಮಕ್ಕೆ ಹೋಗಿ. ಆ ಪಂಚಮವನ್ನೇ ಷಡ್ಜ ಅಂದುಕೊಂಡು ಮತ್ತೆ ಅದರ ಪಂಚಮಕ್ಕೆ ಹೋಗಿ. ಹೀಗೆ ಏರುತ್ತಾ ಹೋದರೆ ಕ್ರಮವಾಗಿ ಸ, ಪ, ಚತುಶ್ರುತಿ ರಿ, ಚತುಶ್ರುತಿ ದ, ಅಂತರ ಗ, ಕಾಕಲಿ ನಿ, ಆಮೇಲೆ ಪ್ರತಿ ಮ ಸಿಗುತ್ತವೆ. ಈ ಏಳನ್ನು ಸಾಲಾಗಿ ಜೋಡಿಸಿ ನೋಡಿ. ನಮ್ಮ ಮೇಚಕಲ್ಯಾಣಿ! ಪಾಶ್ಚಾತ್ಯರು ಅದನ್ನೇ ಲಿಡಿಯನ್ ಅನ್ನುತ್ತಾರೆ.

ಅವರ ಶಾಲೆಗಳಲ್ಲಿ ಮೊದಲ ಪಾಠವಾಗಿ ಕಲಿಸುವುದು ಮೇಜರ್ ಸ್ಕೇಲ್, ಅಂದರೆ ನಮ್ಮ ಧೀರಶಂಕರಾಭರಣದ ಸ್ವರಗಳು. ರಸೆಲ್ ವಾದ ಏನು ಅಂದರೆ, ಪಂಚಮದ ಏಣಿ ಹತ್ತಿದಾಗ ಸಹಜವಾಗಿ ಸಿಗುವುದು ಪ್ರತಿಮಧ್ಯಮವೇ, ಶುದ್ಧ ಮಧ್ಯಮ ಅಲ್ಲ. ಆದ್ದರಿಂದ ಬುನಾದಿ ಲಿಡಿಯನ್ ಆಗಿರಬೇಕು. ಮೇಜರ್‌ನಲ್ಲಿ ಸ್ವರಗಳು ‘ಮನೆ ಸೇರಬೇಕು, ಮನೆ ಸೇರಬೇಕು’ ಅಂತ ಎಳೆಯುತ್ತವೆ. ಲಿಡಿಯನ್‌ನಲ್ಲಿ ಆ ಎಳೆತ ಕಡಿಮೆ. ಇದ್ದ ಕಡೆ ಇರಬಹುದು.

ಇದು ಆ ಕಾಲದ ಜಾಝ್‌ಗೆ ಯಾಕೆ ಮುಖ್ಯ? ‘ಕೌಂಟ್‌ಡೌನ್’ ತರಹದ ತುಣುಕಿನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಎರಡೆರಡು ಎಣಿಕೆಗೆ ಬದಲಾಗುತ್ತವೆ. ಕಾಲ ಕೆಳಗಿನ ನೆಲ ಕ್ಷಣಕ್ಷಣಕ್ಕೂ ಸರಿಯುತ್ತದೆ, ವಾದಕ ಓಡುತ್ತಲೇ ಇರಬೇಕು. ಇದಕ್ಕೆ ತೀರಾ ಬೇರೆಯಾದ ದಾರಿ ಎಂದರೆ ಒಂದೇ ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ನಿಂತು ಅದನ್ನು ನಿಧಾನವಾಗಿ ಬಿಡಿಸುವುದು. ಒಂದು ತಂಬೂರಿ ಇಟ್ಟುಕೊಂಡು ಆಲಾಪನೆ ಮಾಡಿದ ಹಾಗೆ. ಆ ಹೊತ್ತಿಗೆ ಸ್ವತಃ ಕೋಲ್ಟ್ರೇನ್ ಆ ಕಡೆ ಹೊರಳಿದ್ದರು. ಅವರು ರವಿಶಂಕರ್ ಅವರನ್ನು ಎಷ್ಟು ಮೆಚ್ಚುತ್ತಿದ್ದರು ಅಂದರೆ ಮಗನಿಗೆ ರವಿ ಅಂತಲೇ ಹೆಸರಿಟ್ಟರು. ಗಾರ್ಬರೆಕ್ ಕೂಡ ಓಡುವುದನ್ನು ಮೊದಲು ಕಲಿತರು, ನಿಲ್ಲುವುದನ್ನು ಆಮೇಲೆ ಕಲಿತರು. ಓಡಲು ಬಾರದವರು ನಿಂತಿದ್ದಕ್ಕೂ, ಓಡಬಲ್ಲವರು ನಿಲ್ಲಲು ತೀರ್ಮಾನಿಸಿದ್ದಕ್ಕೂ ಕೇಳುವಾಗ ವ್ಯತ್ಯಾಸ ತಿಳಿಯುತ್ತದೆ, ಅಲ್ವಾ?

ಇದೇ ಸಮಯದಲ್ಲಿ ತುತ್ತೂರಿ ವಾದಕ ಡಾನ್ ಚೆರಿ ಕೂಡ ಸ್ಕ್ಯಾಂಡಿನೇವಿಯಾಕ್ಕೆ ಬಂದು ಹೋಗುತ್ತಿದ್ದರು. ನಿಮ್ಮ ನೆಲದ ಜನಪದ ಸಂಗೀತದ ಕಡೆ ಕಿವಿಗೊಡಿ ಅಂತ ನಾರ್ವೆಯ ಹುಡುಗರಿಗೆ ಹೇಳಿದವರಲ್ಲಿ ಅವರು ಪ್ರಮುಖರು. ನಾರ್ವೆಯವರಿಗೆ ನಾರ್ವೆಯನ್ನು ತೋರಿಸಲು ಓಕ್ಲಹೋಮದಲ್ಲಿ ಹುಟ್ಟಿದ ಒಬ್ಬ ಅಮೆರಿಕನ್ ಬರಬೇಕಾಯಿತು. ಊರವರಿಗೆ ಊರ ಬಾವಿಯ ಸಿಹಿನೀರು ನೆಂಟರು ಹೇಳಿದ ಮೇಲೆ ಗೊತ್ತಾಗುವುದುಂಟು.

ಓಸ್ಲೊದ ಸ್ಟುಡಿಯೊ, ಮ್ಯೂನಿಕ್‌ನ ಕಿವಿ

ಜರ್ಮನ್ ನಿರ್ಮಾಪಕ ಮಾನ್‌ಫ್ರೆಡ್ ಐಶರ್ 1969ರಲ್ಲಿ ಮ್ಯೂನಿಕ್‌ನಲ್ಲಿ ಇಸಿಎಂ ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದರು. ಮರುವರ್ಷ, 1970ರಲ್ಲಿ, ಗಾರ್ಬರೆಕ್ ತಂಡವನ್ನು ಓಸ್ಲೊದಲ್ಲಿ ರೆಕಾರ್ಡ್ ಮಾಡಿದರು. ‘ಆಫ್ರಿಕ್ ಪೆಪರ್‌ಬರ್ಡ್’ ಅಂತ ಆ ರೆಕಾರ್ಡ್‌ನ ಹೆಸರು. ಗಿಟಾರ್‌ನಲ್ಲಿ ತೇರ್ಯೆ ರಿಪ್ಡಾಲ್, ಬಾಸ್ ಎಂಬ ಕೆಳಶ್ರುತಿಯ ದೊಡ್ಡ ತಂತಿವಾದ್ಯದಲ್ಲಿ ಆರಿಲ್ಡ್ ಆಂಡರ್ಸನ್, ಡ್ರಮ್ಸ್‌ನಲ್ಲಿ ಯೂನ್ ಕ್ರಿಸ್ಟೆನ್ಸನ್. ನಾಲ್ವರೂ ನಾರ್ವೆಯವರು, ನಾಲ್ವರೂ ಇಪ್ಪತ್ತರ ಹರೆಯದವರು.

‘ಶಾಂತ, ತಣ್ಣನೆಯ ಗಾರ್ಬರೆಕ್’ ಮಾತ್ರ ಗೊತ್ತಿದ್ದವರು ಇದನ್ನು ಕೇಳಿದರೆ ಬೆಚ್ಚಿಬೀಳುತ್ತಾರೆ. ಇಲ್ಲಿ ಸ್ಯಾಕ್ಸೋಫೋನ್ ಕಿರುಚುತ್ತದೆ, ಗೊರಗೊರ ಅನ್ನುತ್ತದೆ, ಹರಿದುಹೋಗುತ್ತದೆ. ಕಟ್ಟುಪಾಡುಗಳನ್ನು ಬಿಟ್ಟು ನುಡಿಸುವ ಅಮೆರಿಕದ ಫ್ರೀ ಜಾಝ್‌ನ ಗಾಳಿ ಜೋರಾಗಿ ಬೀಸಿದ ಕಾಲ ಅದು. ಆ ಕಿರುಚಾಟದಿಂದ ಒಂದೊಂದೇ ಸ್ವರವನ್ನು ತೆಗೆದುಹಾಕುತ್ತಾ ಹೋದದ್ದು ಅವರ ಮುಂದಿನ ಹತ್ತು ವರ್ಷದ ಕೆಲಸ. ಅಡುಗೆಯಲ್ಲಿ ಮಸಾಲೆ ಕಡಿಮೆ ಮಾಡುತ್ತಾ ಹೋಗಿ ಕೊನೆಗೆ ಉಪ್ಪಿನ ರುಚಿಯೊಂದೇ ಎದ್ದು ಕಾಣುವಂತೆ ಮಾಡಿದ ಹಾಗೆ. ಆದರೆ ಕಿರುಚಾಟದ ಬಿಸಿ ಪೂರ್ತಿ ಹೋಗಲಿಲ್ಲ. ಉಳಿದ ಒಂದು ಸ್ವರದ ಅಂಚಿನಲ್ಲಿ ಅದು ಕೂತಿದೆ. ಅದಕ್ಕೇ ಗಾರ್ಬರೆಕ್ ಸಂಗೀತ ಹಿತವಾಗಿದ್ದರೂ ಜೋಗುಳ ಆಗುವುದಿಲ್ಲ.

ಈ ಬದಲಾವಣೆಯಲ್ಲಿ ರೆಕಾರ್ಡಿಂಗ್‌ನ ಪಾತ್ರವೂ ದೊಡ್ಡದು. ಧ್ವನಿಮುದ್ರಣ ತಂತ್ರಜ್ಞ ಯಾನ್ ಎರಿಕ್ ಕೊಂಗ್ಸ್‌ಹೌಗ್ ಮತ್ತು ಐಶರ್ ಸೇರಿ ಪ್ರತಿ ವಾದ್ಯದ ಸುತ್ತ ಜಾಗ ಇರುವ ಹಾಗೆ, ದನಿ ಕರಗಿಹೋಗುವುದೂ ಸ್ಪಷ್ಟವಾಗಿ ಕೇಳುವ ಹಾಗೆ ರೆಕಾರ್ಡ್ ಮಾಡುತ್ತಿದ್ದರು. ಇಸಿಎಂ ಸಿ.ಡಿ.ಗಳಲ್ಲಿ ಸಂಗೀತ ಶುರುವಾಗುವ ಮೊದಲು ಐದು ಸೆಕೆಂಡ್ ಮೌನ ಇಡುವುದು ರೂಢಿ. ತಾಂತ್ರಿಕ ಬಿಡುವು ಅಂತ ತಿಳಿಯಬೇಡಿ. ಕೇಳುವವರು ಸ್ವಲ್ಪ ಸಾವರಿಸಿಕೊಂಡು ಕೂರಲಿ ಅಂತ ಬೇಕೆಂದೇ ಕೊಟ್ಟ ಹೊತ್ತು ಅದು.

1976ರಲ್ಲಿ ರೆಕಾರ್ಡ್ ಆದ ‘ಡಿಸ್’ ಕೇಳಿದರೆ ಈ ದಾರಿ ಎಲ್ಲಿಗೆ ಬಂದು ಮುಟ್ಟಿತು ಅಂತ ತಿಳಿಯುತ್ತದೆ. ನಾರ್ವೇಜಿಯನ್ ಭಾಷೆಯಲ್ಲಿ ಡಿಸ್ ಅಂದರೆ ಮಬ್ಬು, ತೆಳುವಾದ ಮಂಜು. ಕಡಲ ಗಾಳಿಗೆ ಒಡ್ಡಿಟ್ಟ ತಂತಿವಾದ್ಯವೊಂದರ ದನಿ ಅದರಲ್ಲಿದೆ. ಗಾಳಿಹಾರ್ಪ್ ಅನ್ನೋಣ. ಅದನ್ನು ಯಾರೂ ಮೀಟುವುದಿಲ್ಲ. ಗಾಳಿ ಬೀಸಿದಾಗ ತಂತಿಗಳು ತಾವೇ ಗುಂಯ್‌ಗುಡುತ್ತವೆ. ಆ ಗುಂಗಿನ ಮೇಲೆ ಗಾರ್ಬರೆಕ್ ಊದುತ್ತಾರೆ. ಜೊತೆಗೆ ರಾಲ್ಫ್ ಟೌನರ್ ಗಿಟಾರ್. ತಾಳವಾದ್ಯ ಇಲ್ಲ. ಸಂಜೆ ಹೊತ್ತು, ಮನೆಯಲ್ಲಿ ಸದ್ದಿಲ್ಲದಾಗ ಕೇಳಿ. ಬಸ್ಸಿನಲ್ಲಿ ಕೇಳಿದರೆ ಏನೂ ದಕ್ಕುವುದಿಲ್ಲ.

ನಡುವೆ ಅಮೆರಿಕದ ಪಿಯಾನೊ ವಾದಕ ಕೀತ್ ಜ್ಯಾರೆಟ್ ಜೊತೆ ಕೆಲವು ವರ್ಷ. ಜ್ಯಾರೆಟ್ ಅವರ ‘ಯೂರೋಪಿಯನ್ ಕ್ವಾರ್ಟೆಟ್’ ಅಂತ ಕರೆಸಿಕೊಂಡ ಈ ತಂಡದಲ್ಲಿ ಬಾಸ್ ನುಡಿಸಿದವರು ಸ್ವೀಡನ್ನಿನ ಪಾಲೆ ಡೇನಿಯಲ್ಸನ್, ಡ್ರಮ್ಸ್ ಕ್ರಿಸ್ಟೆನ್ಸನ್. 1974ರ ಏಪ್ರಿಲ್‌ನಲ್ಲಿ ಎರಡೇ ದಿನದಲ್ಲಿ ಓಸ್ಲೊದಲ್ಲಿ ‘ಬಿಲಾಂಗಿಂಗ್’ ಮುಗಿಸಿದರು. 1977ರಲ್ಲಿ ‘ಮೈ ಸಾಂಗ್’. ಜಾಝ್ ಎಂದರೇನು ಅಂತ ಏನೂ ಗೊತ್ತಿಲ್ಲದ ಸ್ನೇಹಿತರಿಗೆ ನಾನು ಮೊದಲು ಕೇಳಿಸುವುದು ಈ ‘ಮೈ ಸಾಂಗ್’. ಹಾಡಿನಷ್ಟು ಸರಳ, ಗುನುಗಿಕೊಳ್ಳಲು ಬರುತ್ತದೆ. ಐವತ್ತು ವರ್ಷವಾದ ಮೇಲೂ ಈ ಸಂಗೀತ ಹಳತಾಗಿಲ್ಲ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಬ್ರಾನ್‌ಫೋರ್ಡ್ ಮಾರ್ಸಾಲಿಸ್ ‘ಬಿಲಾಂಗಿಂಗ್’ ಅನ್ನು ಪೂರ್ತಿಯಾಗಿ ತಮ್ಮ ತಂಡದೊಂದಿಗೆ ಮತ್ತೆ ರೆಕಾರ್ಡ್ ಮಾಡಿ 2025ರಲ್ಲಿ ಹೊರತಂದರು. ಓಸ್ಲೊದಲ್ಲಿ ಹುಟ್ಟಿದ ಜಾಝ್ ಅನ್ನು ಜಾಝ್‌ನ ತವರೂರಾದ ನ್ಯೂ ಆರ್ಲಿಯನ್ಸ್‌ನ ಮನೆತನದವರೊಬ್ಬರು ಪಾಠದ ಹಾಗೆ ಎದುರಿಗಿಟ್ಟುಕೊಂಡು ನುಡಿಸಿದ್ದು ಚಿಕ್ಕ ಸಂಗತಿಯೇನಲ್ಲ.

ದನ ಕರೆಯುವ ಹಾಡು

ಈಗ ಆ ‘ನಾರ್ವೆಯ ದನಿ’ಯನ್ನೇ ಹತ್ತಿರದಿಂದ ನೋಡೋಣ. ಅದರಲ್ಲಿ ನಿಜವಾಗಿ ನಾರ್ವೆಯದು ಏನಿದೆ?

ಮೊದಲನೆಯದು, ದನ ಕರೆಯುವ ಹಾಡು. ಬೇಸಿಗೆ ಬಂತೆಂದರೆ ನಾರ್ವೆಯ ಹಳ್ಳಿಯ ಹೆಂಗಸರು ದನ, ಆಡುಗಳನ್ನು ಹೊಡೆದುಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿ ಅಲ್ಲೇ ಬಿಡಾರ ಹೂಡುತ್ತಿದ್ದರು. ಸಂಜೆ ಕಣಿವೆಯ ಆಚೆ ಮೇಯುತ್ತಿರುವ ದನಗಳನ್ನು ಹಾಡಿನಲ್ಲೇ ಕೂಗಿ ಕರೆಯಬೇಕು. ಇದಕ್ಕೆ ಲೊಕ್ ಅನ್ನುತ್ತಾರೆ. ದನಿ ದೂರ ಹೋಗಬೇಕಾದರೆ ಎತ್ತರದ ಶ್ರುತಿ ಬೇಕು, ಚೂಪು ಬೇಕು, ನಡುಕ ಇರಬಾರದು. ಒಂದು ಕೂಗು ಹಾಕಿ, ಅದು ಬೆಟ್ಟಕ್ಕೆ ಬಡಿದು ಬರುವವರೆಗೆ ಸುಮ್ನೆ ಇರಬೇಕು. ಇದನ್ನು ಓದಿದ ಮೇಲೆ ಗಾರ್ಬರೆಕ್ ಅವರ ಒಂದು ಸ್ವರ ಕೇಳಿ ನೋಡಿ. 1975ರ ‘ಡಾನ್ಸೆರೆ’ಯಲ್ಲಿ ‘ಲೊಕ್’ ಅಂತಲೇ ಒಂದು ತುಣುಕು ಇದೆ.

ಸ್ವರ ಶುರುವಾಗುವ ಬಗೆಯನ್ನೂ ಗಮನಿಸಿ. ಅವರು ಎಷ್ಟೋ ಸಲ ಸ್ವರದ ಮೇಲೆ ನೇರವಾಗಿ ಕಾಲಿಡುವುದಿಲ್ಲ. ಸ್ವಲ್ಪ ಕೆಳಗಿನಿಂದ ಹತ್ತಿ ಬರುತ್ತಾರೆ. ನಮ್ಮಲ್ಲಿ ಜಾರು ಅನ್ನುತ್ತೇವಲ್ಲ, ಹಾಗೆ. ಸ್ಯಾಕ್ಸೋಫೋನ್‌ನಲ್ಲಿ ಕೀಲಿಗಳಿವೆ, ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಡುವಿನ ಜಾಗ ಬೆರಳಿಗೆ ಸಿಗುವುದಿಲ್ಲ. ಅದನ್ನು ತುಟಿಯಿಂದ ಪಡೆಯಬೇಕು. ವಾದ್ಯದ ಬಾಯಿಯಲ್ಲಿರುವ ರೀಡ್ ಎಂಬ ತೆಳು ಪಟ್ಟಿಯನ್ನು ತುಟಿ ಎಷ್ಟು ಬಿಗಿಯಾಗಿ ಹಿಡಿದಿದೆ, ಗಂಟಲು ಎಷ್ಟು ತೆರೆದಿದೆ ಎನ್ನುವುದರ ಮೇಲೆ ಸ್ವರ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಯುತ್ತದೆ. ಟೆನರ್ ಎಂಬ ದೊಡ್ಡ ಸ್ಯಾಕ್ಸೋಫೋನ್ ಅಲ್ಲದೆ ಗಾರ್ಬರೆಕ್ ಹೆಚ್ಚಾಗಿ ಬಳಸುವುದು ಬಾಗಿದ ಆಕಾರದ ಪುಟ್ಟ ಸೊಪ್ರಾನೊ. ಈ ಪುಟ್ಟ ವಾದ್ಯದಲ್ಲಿ ಶ್ರುತಿ ಹಿಡಿದು ನಿಲ್ಲಿಸುವುದು ತುಂಬ ಕಷ್ಟ. ಅದರಲ್ಲಿ ಸ್ವರವನ್ನು ಬೇಕೆಂದ ಕಡೆ ಬಗ್ಗಿಸಿ, ಆಮೇಲೆ ಅಲುಗಾಡದೆ ನಿಲ್ಲಿಸುತ್ತಾರೆ.

ಎರಡನೆಯದು ಒಂದು ಕೊಳಲು. ವಸಂತದಲ್ಲಿ ವಿಲೊ ಮರದ ಕೊಂಬೆಯಲ್ಲಿ ರಸ ಏರಿದಾಗ ಸಿಪ್ಪೆ ಸಲೀಸಾಗಿ ಕಳಚಿ ಬರುತ್ತದೆ. ಆ ಸಿಪ್ಪೆಯ ಕೊಳವೆಯೇ ಕೊಳಲು. ಇದರ ಹೆಸರು ಸೆಲ್ಯೆಫ್ಲೊಯ್ಟೆ. ಇದಕ್ಕೆ ಬೆರಳಿಡುವ ತೂತುಗಳೇ ಇಲ್ಲ. ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚುತ್ತಾ ತೆರೆಯುತ್ತಾ, ಉಸಿರಿನ ಬಿರುಸನ್ನು ಬದಲಿಸುತ್ತಾ ನುಡಿಸಬೇಕು. ಹೀಗೆ ಬರುವ ಸ್ವರಗಳಿಗೆ ಪಿಯಾನೊ ಲೆಕ್ಕ ಹೊಂದುವುದಿಲ್ಲ. ಅದರ ಮಧ್ಯಮ ನಮ್ಮ ಶುದ್ಧ ಮಧ್ಯಮಕ್ಕೂ ಪ್ರತಿಮಧ್ಯಮಕ್ಕೂ ನಡುವೆ ಎಲ್ಲೋ ಬೀಳುತ್ತದೆ. ಗಾರ್ಬರೆಕ್ ಈ ಕೊಳಲನ್ನೂ ನುಡಿಸುತ್ತಾರೆ. ರಸೆಲ್ ಲೆಕ್ಕಾಚಾರದಲ್ಲಿ ಸಿಕ್ಕ ಪ್ರತಿಮಧ್ಯಮವೂ, ದನಗಾಹಿಯ ಕೊಳಲಿನ ಮಧ್ಯಮವೂ ಒಬ್ಬರ ಕಿವಿಯಲ್ಲಿ ಬಂದು ಸೇರಿದ್ದು ನನಗೆ ಬಹಳ ಸೊಗಸಾಗಿ ಕಾಣುತ್ತದೆ.

ಮೂರನೆಯದು ಯೋಯಿಕ್. ಇಲ್ಲಿ ‘ನಾರ್ವೆಯದು’ ಅನ್ನುವ ಮಾತನ್ನು ಸ್ವಲ್ಪ ಎಚ್ಚರದಿಂದ ಆಡಬೇಕು. ಯೋಯಿಕ್ ಸಾಮಿ ಜನರ ಹಾಡುಗಾರಿಕೆ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾಗಳ ಉತ್ತರ ಭಾಗದ ಮೂಲನಿವಾಸಿಗಳು ಸಾಮಿಗಳು. ಒಬ್ಬ ವ್ಯಕ್ತಿಗೆ, ಒಂದು ಬೆಟ್ಟಕ್ಕೆ, ಒಂದು ಪ್ರಾಣಿಗೆ ಅಂತ ಒಂದೊಂದು ಯೋಯಿಕ್ ಇರುತ್ತದೆ. ಸಾಮಿಗಳು ಹೇಳುವ ಪ್ರಕಾರ ಅದು ಆ ವ್ಯಕ್ತಿಯ ‘ಬಗ್ಗೆ’ ಹಾಡಿದ ಹಾಡಲ್ಲ. ಹಾಡಿದಾಗ ಆ ವ್ಯಕ್ತಿಯೇ ಅಲ್ಲಿ ಬಂದ ಹಾಗೆ. ಚರ್ಚಿನವರು ಇದನ್ನು ಪಾಪ ಅಂದರು. ಸರ್ಕಾರ ಶಾಲೆಗಳಲ್ಲಿ ಸಾಮಿ ಭಾಷೆಯನ್ನೇ ಹತ್ತಿಕ್ಕಿತು. 1997ರಲ್ಲಿ ನಾರ್ವೆಯ ದೊರೆ ಐದನೇ ಹರಾಲ್ಡ್ ಸಾಮಿ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು.

ಅದಕ್ಕೂ ಏಳು ವರ್ಷ ಮೊದಲೇ, 1990ರ ‘ಐ ಟುಕ್ ಅಪ್ ದ ರೂನ್ಸ್’ನಲ್ಲಿ ಗಾರ್ಬರೆಕ್ ಸಾಮಿ ಹಾಡುಗಾರ ಇಂಗೊರ್ ಆಂತೆ ಐಲೊ ಗೌಪ್ ಅವರ ಯೋಯಿಕ್ ಸೇರಿಸಿಕೊಂಡಿದ್ದರು. ಅದರ ಮೊದಲ ತುಣುಕು ಸಾಮಿ ಗಾಯಕಿ ಮಾರಿ ಬೊಯ್ನೆ ಅವರ ‘ಗುಲಾ ಗುಲಾ’. ‘ಕೇಳು, ಕೇಳು’ ಅಂತ ಅರ್ಥ. 1993ರ ‘ಟ್ವೆಲ್ವ್ ಮೂನ್ಸ್’ನಲ್ಲಿ ಬೊಯ್ನೆ ಅವರೇ ಹಾಡಿದರು. ನಾರ್ವೆಯ ಹಳೆಯ ಕಥನಗೀತೆಗಳನ್ನು ಹಾಡುವ ಆಗ್ನೆಸ್ ಬುಯೆನ್ ಗಾರ್ನೋಸ್ ಜೊತೆ ‘ರೋಸೆನ್ಸ್‌ಫೋಲೆ’ ಮಾಡಿದ್ದು 1980ರ ದಶಕದ ಕೊನೆಯಲ್ಲಿ. ಆ ರೆಕಾರ್ಡಿನಲ್ಲಿ ಗಾರ್ಬರೆಕ್ ಪೂರ್ತಿ ಹಿಂದೆ ಸರಿದು ಗಾಯಕಿಗೆ ಜಾಗ ಬಿಟ್ಟಿದ್ದಾರೆ. ಹೆಸರಾಂತ ವಾದಕರು ಇಷ್ಟು ಬಿಟ್ಟುಕೊಡುವುದು ಅಪರೂಪ.

ನಮ್ಮ ಕಡೆಯ ಎಳೆಗಳು

1980ರ ದಶಕದಲ್ಲಿ ಇಸಿಎಂ ಭಾರತದ ಸಂಗೀತಗಾರರಿಗೂ ಬಾಗಿಲು ತೆರೆದಿತ್ತು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ ‘ಜ್ಯೋತಿ’ ಮಾಡಿದ್ದು ಇದೇ ಕಂಪನಿಗೆ, 1983ರಲ್ಲಿ. ಅದರಲ್ಲಿ ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ ಇವೆ. ಅದೇ ಸುಮಾರಿಗೆ ಗಾರ್ಬರೆಕ್ ಪಿಟೀಲು ವಾದಕ ಎಲ್. ಶಂಕರ್ ಜೊತೆ ‘ವಿಷನ್’ ಮತ್ತು ‘ಸಾಂಗ್ ಫಾರ್ ಎವ್ರಿಒನ್’ ಮಾಡಿದರು. ಎರಡನೆಯದರಲ್ಲಿ ಜಾಕಿರ್ ಹುಸೇನ್, ತ್ರಿಲೋಕ್ ಗುರ್ತು ಇಬ್ಬರೂ ಇದ್ದಾರೆ. 1986ರ ಕೊನೆಗೆ ಜಾಕಿರ್ ಹುಸೇನ್ ಅವರೇ ಓಸ್ಲೊಗೆ ಹೋಗಿ ‘ಮೇಕಿಂಗ್ ಮ್ಯೂಸಿಕ್’ ರೆಕಾರ್ಡ್ ಮಾಡಿದರು. ಹರಿಪ್ರಸಾದ್ ಚೌರಾಸಿಯಾ ಕೊಳಲು, ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಗಾರ್ಬರೆಕ್ ಸ್ಯಾಕ್ಸೋಫೋನ್. ಬಿದಿರಿನ ಕೊಳಲೂ ಸೊಪ್ರಾನೊ ಸ್ಯಾಕ್ಸೋಫೋನೂ ಒಂದರ ಬಾಲ ಇನ್ನೊಂದು ಹಿಡಿದು ಹೋಗುವ ಕಡೆಗಳಲ್ಲಿ ಯಾವುದು ಯಾವುದು ಅಂತ ಒಂದು ಕ್ಷಣ ತಡವರಿಸುವಂತಾಗುತ್ತದೆ.

ಇವೆಲ್ಲಕ್ಕಿಂತ ಆಳವಾಗಿ ಹೋದದ್ದು ‘ರಾಗಾಸ್ ಆ್ಯಂಡ್ ಸಾಗಾಸ್’. 1990ರಲ್ಲಿ ರೆಕಾರ್ಡ್ ಆಯಿತು. ಪಟಿಯಾಲಾ ಘರಾನಾದ ಪಾಕಿಸ್ತಾನದ ಗಾಯಕ ಉಸ್ತಾದ್ ಫತೇ ಅಲಿ ಖಾನ್, ಸಾರಂಗಿಯಲ್ಲಿ ನಾಜಿಮ್ ಅಲಿ ಖಾನ್, ತಬಲಾದಲ್ಲಿ ಶೌಕತ್ ಹುಸೇನ್. ಗಾರ್ಬರೆಕ್ ಇಲ್ಲಿ ರಾಗ ಬಲ್ಲವರ ಹಾಗೆ ನಟಿಸುವುದಿಲ್ಲ. ತಾನ್‌ಗಳ ಪೈಪೋಟಿಗೆ ಇಳಿಯುವುದಿಲ್ಲ. ಖಾನ್ ಸಾಹೇಬರು ಒಂದು ಸ್ವರದ ಮೇಲೆ ನಿಂತಾಗ ಅದರ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ, ಅಷ್ಟೇ. ಎರಡು ಸಂಗೀತ ಕೂಡಿಸುತ್ತೇವೆ ಅಂತ ಹೊರಟು ಎರಡನ್ನೂ ಕೆಡಿಸಿದ ಎಷ್ಟೋ ರೆಕಾರ್ಡುಗಳನ್ನು ನಾವು ಕೇಳಿದ್ದೇವೆ. ಇದು ಆ ಸಾಲಿಗೆ ಸೇರುವುದಿಲ್ಲ.

ನಾಲ್ಕು ಗಂಟಲು, ಐದನೆಯ ದನಿ

ಗಾರ್ಬರೆಕ್ ಹೆಸರು ಜಾಝ್ ಕೇಳದವರ ಮನೆಗೂ ತಲುಪಿದ್ದು 1994ರಲ್ಲಿ ಬಂದ ‘ಆಫೀಸಿಯಂ’ನಿಂದ.

ಬೀಜ ಬಿದ್ದದ್ದು ಐಸ್‌ಲ್ಯಾಂಡ್‌ನಲ್ಲಿ. ಐಶರ್ ಅಲ್ಲಿನ ಲಾವಾ ಬಯಲುಗಳಲ್ಲಿ ಓಡಾಡುತ್ತಿದ್ದಾಗ ಸ್ಪೇನ್‌ನ ಹಳೆಯ ಸಂಯೋಜಕ ಕ್ರಿಸ್ಟೊಬಾಲ್ ದೆ ಮೊರಾಲೆಸ್ ಅವರ ಸಂಗೀತ ಕೇಳುತ್ತಿದ್ದರು. ಇದಕ್ಕೆ ಗಾರ್ಬರೆಕ್ ಸೇರಿದರೆ ಹೇಗೆ ಎನ್ನುವ ಯೋಚನೆ ಅವರಿಗೆ ಬಂತು. ಇಂಗ್ಲೆಂಡಿನ ಹಿಲಿಯರ್ಡ್ ಆನ್ಸಾಂಬಲ್ ಅಂದರೆ ನಾಲ್ಕು ಜನ ಗಂಡಸರು, ವಾದ್ಯವಿಲ್ಲದೆ ಮಧ್ಯಯುಗದ ಮತ್ತು ಅದರ ನಂತರದ ಚರ್ಚ್ ಸಂಗೀತ ಹಾಡುವವರು. 1993ರ ಸೆಪ್ಟೆಂಬರ್‌ನಲ್ಲಿ ಐದೂ ಜನ ಆಸ್ಟ್ರಿಯಾದ ಸೇಂಟ್ ಗೆರೊಲ್ಡ್ ಮಠದಲ್ಲಿ ಸೇರಿದರು.

ಮೊದಲ ತುಣುಕು ಮೊರಾಲೆಸ್ ಅವರ ‘ಪಾರ್ಚೆ ಮಿಹಿ ಡೊಮಿನೆ’. ಬೈಬಲಿನ ಯೋಬನ ಮಾತು ಅದು: ನನ್ನನ್ನು ಬಿಟ್ಟುಬಿಡು ಕರ್ತನೇ, ನನ್ನ ದಿನಗಳು ಏನೂ ಅಲ್ಲ. ಸತ್ತವರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ಬರುವ ಸಾಲು. ನಾಲ್ಕು ಗಂಟಲುಗಳು ಒಟ್ಟಿಗೆ, ಅಕ್ಷರ ಅಕ್ಷರವಾಗಿ, ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ. ಆಮೇಲೆ ಸ್ಯಾಕ್ಸೋಫೋನ್. ಬಂತು ಅಂತ ಗೊತ್ತಾಗುವ ಮೊದಲೇ ಬಂದಿರುತ್ತದೆ. ಮೊದಲಿಗೆ ಇನ್ನೊಬ್ಬ ಹಾಡುಗಾರ ಅನ್ನಿಸುತ್ತದೆ. ನಿಧಾನವಾಗಿ ಅದು ಮೇಲೇರಿ, ಹಾಡುವವರು ಬಾಯಿಬಿಟ್ಟು ಹೇಳದೆ ತಡೆದುಕೊಂಡ ಅಳುವನ್ನು ತಾನು ಅಳುತ್ತದೆ. ಹಾಡುವವರ ಮುಂದೆ ನೂರಾರು ವರ್ಷ ಹಳೆಯ ಬರಹ ಇದೆ, ಅದನ್ನು ಬದಲಿಸುವ ಹಾಗಿಲ್ಲ. ಗಾರ್ಬರೆಕ್‌ಗೆ ಬರೆದುಕೊಟ್ಟ ಸ್ವರಗಳಿಲ್ಲ, ಆ ಕ್ಷಣಕ್ಕೆ ಹೊಳೆದದ್ದನ್ನು ಊದುತ್ತಾರೆ.

ಇಲ್ಲಿ ಕಟ್ಟಡವೂ ಒಂದು ವಾದ್ಯ. ಕಲ್ಲಿನ ಚರ್ಚಿನಲ್ಲಿ ದನಿ ಬೇಗ ಸಾಯುವುದಿಲ್ಲ. ಸ್ಯಾಕ್ಸೋಫೋನ್‌ನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸ್ವರ. ಆದರೆ ಮೊದಲ ಸ್ವರ ಗೋಡೆಗಳ ನಡುವೆ ಇನ್ನೂ ತೇಲುತ್ತಿರುವಾಗ ಎರಡನೆಯದು ಊದಿದರೆ ಎರಡೂ ಒಟ್ಟಿಗೆ ಕೇಳಿಸುತ್ತವೆ. ಜಾಸ್ತಿ ಸ್ವರ ಊದಿದರೆ ಕಲಸುಮೇಲೋಗರ ಆಗುತ್ತದೆ. ಹಾಗಾಗಿ ಅಂಥ ಜಾಗದಲ್ಲಿ ಕಾಯುವುದು ಗೊತ್ತಿರುವವರೇ ಬೇಕು. ಬೆಟ್ಟಕ್ಕೆ ಕೂಗಿ ಸುಮ್ನೆ ನಿಲ್ಲುವ ದನಗಾ‍ಹಿ ಹೆಂಗಸಿನ ಲೆಕ್ಕವೇ ಇಲ್ಲೂ ನಡೆಯುವುದು.

‘ಆಫೀಸಿಯಂ’ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಬೈಗುಳಗಳೂ ಬಂದವು. ಪೂರ್ತಿಯಾಗಿರುವ ಸಂಗೀತದ ಮೇಲೆ ಇನ್ನೊಂದು ಎಳೆ ಯಾಕೆ ಅಂತ ಹಳೆಯ ಸಂಗೀತದ ಪ್ರೇಮಿಗಳು ಕೇಳಿದರು. ಇದು ಜಾಝ್ ಹೇಗಾಗುತ್ತದೆ ಅಂತ ಜಾಝ್ ಪ್ರೇಮಿಗಳು ಕೇಳಿದರು. ಮೊದಲ ಪ್ರಶ್ನೆಯಲ್ಲಿ ನ್ಯಾಯ ಇದೆ. ಆ ಸಿ.ಡಿ.ಯ ಎಲ್ಲ ತುಣುಕಿಗೂ ಸ್ಯಾಕ್ಸೋಫೋನ್ ಬೇಕಿತ್ತು ಅಂತ ನನಗೂ ಅನ್ನಿಸುವುದಿಲ್ಲ. ಆದರೆ ‘ಪಾರ್ಚೆ ಮಿಹಿ’ಯ ವಿಷಯದಲ್ಲಿ ನಾನು ವಾದಕ್ಕೆ ನಿಲ್ಲುತ್ತೇನೆ. ಮನೆಯಲ್ಲಿ ಸಾವಾದಾಗ ಕೇಳಿದವರಿಗೆ ಅದು ಏನು ಅಂತ ಗೊತ್ತು.

ಈ ಐವರೂ ಇಪ್ಪತ್ತು ವರ್ಷ ಯೂರೋಪಿನ ಚರ್ಚುಗಳಲ್ಲಿ ಒಟ್ಟಿಗೆ ಕಾರ್ಯಕ್ರಮ ಕೊಟ್ಟರು. ‘ನಿಮೋಸಿನಿ’, ಅರ್ಮೇನಿಯಾದ ಸಂಗೀತ ಸೇರಿದ ‘ಆಫೀಸಿಯಂ ನೋವುಮ್’ ಬಂದವು. 2014ರಲ್ಲಿ ಹಿಲಿಯರ್ಡ್ ತಂಡ ತನ್ನ ನಲವತ್ತು ವರ್ಷ ಮುಗಿಸಿ ನಿಂತಿತು. ಆ ಕೊನೆಯ ವರ್ಷದ ಒಂದು ಕಾರ್ಯಕ್ರಮ 2019ರಲ್ಲಿ ‘ರಿಮೆಂಬರ್ ಮಿ, ಮೈ ಡಿಯರ್’ ಎಂಬ ಹೆಸರಿನಲ್ಲಿ ಹೊರಬಂತು.

ಗಾರ್ಬರೆಕ್ ಅವರ ಸ್ವಂತ ತಂಡದ ರೆಕಾರ್ಡುಗಳ ಬಗ್ಗೆ ಒಂದು ಮಾತು. 1990ರ ದಶಕದ ಕೆಲವು ಕಡೆ ಕೀಬೋರ್ಡ್‌ಗಳ ಮೆತ್ತನೆಯ ಹಾಸಿಗೆ ತೀರಾ ದಪ್ಪವಾಯಿತು. 1998ರ ‘ರೈಟ್ಸ್’ ಎರಡು ಸಿ.ಡಿ. ಇದೆ, ಒಂದಾಗಿದ್ದರೆ ಚೆನ್ನಾಗಿತ್ತು. ಆದರೆ 2009ರಲ್ಲಿ ಬಂದ ‘ಡ್ರೆಸ್ಡೆನ್’ ಕೇಳಿದರೆ ವೇದಿಕೆಯ ಮೇಲೆ ಈ ತಂಡ ಎಷ್ಟು ಬಿರುಸಾಗಿ ನುಡಿಸಬಲ್ಲದು ಅಂತ ಗೊತ್ತಾಗುತ್ತದೆ. 1970ರ ಆ ಕಿರುಚುವ ಹುಡುಗ ಎಲ್ಲೂ ಹೋಗಿರಲಿಲ್ಲ.

‘ಡ್ರೆಸ್ಡೆನ್’ನಲ್ಲಿ ಬಾಸ್ ನುಡಿಸಿದವರು ಯೂರಿ ಡೇನಿಯಲ್. ಅದಕ್ಕೂ ಮೊದಲು ಸುಮಾರು ಇಪ್ಪತ್ತೈದು ವರ್ಷ ಆ ಜಾಗ ಜರ್ಮನಿಯ ಎಬರ್‌ಹಾರ್ಡ್ ವೇಬರ್ ಅವರದಾಗಿತ್ತು. ಹಾಡುವ ಹಾಗೆ ಬಾಸ್ ನುಡಿಸುತ್ತಿದ್ದವರು. 2007ರಲ್ಲಿ ಬರ್ಲಿನ್‌ನಲ್ಲಿ, ಗಾರ್ಬರೆಕ್ ತಂಡದ ಕಾರ್ಯಕ್ರಮಕ್ಕೆ ಬಂದಿದ್ದಾಗ, ವೇಬರ್ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮತ್ತೆ ನುಡಿಸಲು ಆಗಲಿಲ್ಲ. ಅವರು ಏನು ಮಾಡಿದರು ಅಂದರೆ, ಗಾರ್ಬರೆಕ್ ಜೊತೆ ವರ್ಷಗಟ್ಟಲೆ ಕೊಟ್ಟ ಕಾರ್ಯಕ್ರಮಗಳ ಹಳೆಯ ರೆಕಾರ್ಡಿಂಗ್ ತೆಗೆದು, ಅದರಲ್ಲಿ ತಾವು ಒಂಟಿಯಾಗಿ ನುಡಿಸಿದ್ದ ಭಾಗಗಳನ್ನು ಆರಿಸಿ, ಹೊಸದಾಗಿ ಜೋಡಿಸಿದರು. ‘ರೆಸ್ಯುಮೆ’ ಅಂತ 2012ರಲ್ಲಿ ಬಂತು. ಕೆಲವು ತುಣುಕುಗಳಿಗೆ ಗಾರ್ಬರೆಕ್ ಸ್ಯಾಕ್ಸೋಫೋನ್ ಮತ್ತು ಆ ವಿಲೊ ಕೊಳಲು ಸೇರಿಸಿಕೊಟ್ಟರು.

2015ರ ಜನವರಿಯಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ವೇಬರ್ ಅವರ ಗೌರವಕ್ಕೆ ಒಂದು ಕಾರ್ಯಕ್ರಮ ನಡೆಯಿತು. ಅದರ ರೆಕಾರ್ಡಿಂಗ್ ಈಗ ಎಲ್ಲರಿಗೂ ಸಿಗುತ್ತದೆ. ಮೊದಲಿಗೆ ವೇಬರ್ ಅವರ ಹಳೆಯ ಬಾಸ್ ಟೇಪಿನಿಂದ ಬರುತ್ತದೆ. ಅದರ ಜೊತೆ ಗಾರ್ಬರೆಕ್ ಒಬ್ಬರೇ ಊದುತ್ತಾರೆ. ಬಾಸ್ ಏನೋ ಹೇಳುತ್ತದೆ, ಸ್ಯಾಕ್ಸೋಫೋನ್ ಕೇಳಿಸಿಕೊಳ್ಳುತ್ತದೆ, ಸ್ವಲ್ಪ ತಡೆದು ಮಾತಾಡುತ್ತದೆ. ಟೇಪಿನಲ್ಲಿರುವ ಗೆಳೆಯ ಇವರಿಗಾಗಿ ನಿಲ್ಲಲಾರ. ಇವರೇ ಅವನಿಗಾಗಿ ನಿಲ್ಲುತ್ತಾ ನುಡಿಸುತ್ತಾರೆ.